ಬಿಳಿ ಆರು, ನೀಲಿ ಒಂದು

ಡೊಂಬಿವಲಿಯ ನಮ್ಮ ಮನೆಯ ಹಜಾರದಲ್ಲಿ ನಲವತ್ತೊಂದು ವರ್ಷ ಒಂದೇ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ ಆಸನವನ್ನು ನನ್ನ ಹೆಂಡತಿ ಭಾಗೀರಥಿ ‘ಫ್ರೆಂಚ್ ಬೆಂಚು’ ಎಂದೇ ಕರೆಯುತ್ತಾಳೆ. ಇಬ್ಬರು ಧಾರಾಳವಾಗಿ, ಮೂವರಾದರೆ ಸ್ನೇಹದಿಂದ ಕೂರಬಹುದು. ಕೆಳಗಿಳಿದಂತೆ ಸಣ್ಣಗಾಗುವ ಆರು ಕಾಲುಗಳು, ಅವುಗಳ ಮೈಯುದ್ದಕ್ಕೂ ಕೊರೆದ ನೇರ ಗೀರುಗಳು. ಕಾಲು ಚೌಕಟ್ಟನ್ನು ಸೇರುವಲ್ಲೆಲ್ಲ ಚೌಕದೊಳಗೊಂದು ದುಂಡು ಹೂ. ಬೆನ್ನಿನ ಮೇಲಂಚಿನಲ್ಲಿ ರಿಬ್ಬನ್ನಿನಿಂದ ಕಟ್ಟಿದಂತೆ ಕೆತ್ತಿದ ಮಾಲೆ. ಮರದ ಮೇಲೆ ಬಣ್ಣವಿತ್ತು. ಒಲೆ ಆರಿದ ಮರುದಿನದ ಬೂದಿಯ ಬಣ್ಣ ಎಂದು ನಾನು ಹೇಳುತ್ತಿದ್ದೆ. ನೆಲ ಒರೆಸುವ ಬಟ್ಟೆಯ ಬಣ್ಣ ಎಂದು ಭಾಗೀರಥಿ.

ಎಂಬತ್ತಮೂರರಲ್ಲಿ ನಾನು ಠಾಣೆಯ ಬ್ಯಾಂಕೊಂದರ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ಕೆರೆಯ ಸಮೀಪದ ಹಳೆಯ ಬಂಗಲೆಯೊಂದರಿಂದ ಖೋರ್ಶೆದ್‌ಬಾಯಿ ಎಂಬ ಪಾರ್ಸಿ ವೃದ್ಧೆ ತಿಂಗಳಿಗೊಮ್ಮೆ ಬರುತ್ತಿದ್ದರು. ಅವರ ಕೈ ನಡುಗುತ್ತಿದ್ದುದರಿಂದ ಅರ್ಜಿಗಳನ್ನು ನಾನೇ ತುಂಬಿಕೊಡುತ್ತಿದ್ದೆ. ಬಂಗಲೆ ಬಿಟ್ಟು ಮಗಳ ಮನೆಗೆ ಹೊರಟಾಗ ಅವರು ನನ್ನನ್ನು ಕರೆಸಿ, ಈ ಆಸನವನ್ನು ತೋರಿಸಿ, ಒಯ್ಯಿ ಎಂದರು. ಅವರ ಅಜ್ಜ ಹಡಗಿನಲ್ಲಿ ತರಿಸಿದ್ದಂತೆ. ಫ್ರಾನ್ಸಿನಲ್ಲೇ ಮಾಡಿದ್ದೋ, ಫ್ರೆಂಚರ ಮಾದರಿ ನೋಡಿ ಬೇರೆಲ್ಲೋ ಮಾಡಿದ್ದೋ ಅವರಿಗೂ ತಿಳಿಯದು. ಷರತ್ತು ಒಂದೇ: ಇದರ ಮೇಲೆ ಕಾಲು ಮಡಚಿ ಕೂರಬಾರದು. ಆ ಷರತ್ತನ್ನು ನಾನು ಮೊದಲ ವಾರವೇ ಮುರಿದೆ.

ಆಗ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ನಾಲ್ವರು ಸೇರಿ ಕವಿತೆ ಓದುತ್ತಿದ್ದೆವು. ಅಂಬರನಾಥದ ರಾಸಾಯನಿಕ ಕಾರ್ಖಾನೆಯಲ್ಲಿದ್ದ ಒಬ್ಬರು, ಕಲ್ಯಾಣದ ಕನ್ನಡ ಮೇಷ್ಟ್ರೊಬ್ಬರು, ನಾನು, ಮತ್ತು ಚೆನ್ನಯ. ನಾವು ಅಲಂಕಾರದ ಹಗೆಗಳು. ಕವಿತೆಯಲ್ಲಿ ಹೂವೋ ವೀಣೆಯೋ ಬೆಳದಿಂಗಳೋ ಇಣುಕಿದರೆ ಮುಖ ಸಿಂಡರಿಸುವ ವಯಸ್ಸು. ಮಾತು ಎಲುಬಿನಷ್ಟು ಬರಿದಾಗಿರಬೇಕು ಎಂದು ವಾದಿಸುತ್ತಿದ್ದೆವು. ವಾದಿಸುವಾಗ ನಾವು ಸರದಿಯಂತೆ ಕೂತಿರುತ್ತಿದ್ದದ್ದು ಹೂಮಾಲೆಗೆ ಬೆನ್ನು ಒರಗಿಸಿ. ಇದರ ತಮಾಷೆ ನನಗೆ ಹೊಳೆದದ್ದು ಬಹಳ ತಡವಾಗಿ.

ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ನಿಯಮವೊಂದಿತ್ತು. ಓದುವವನಿಗೆ ಆಸನ, ಕೇಳುವವರಿಗೆ ಚಾಪೆ. ಓದುತ್ತ ಓದುತ್ತ, ಓದುವವರೆಲ್ಲರ ಬಲಗೈ ಹೆಬ್ಬೆರಳೂ ಕೈಯೊರಗಿನ ತುದಿಯ ಒಂದೇ ಜಾಗವನ್ನು ಉಜ್ಜುತ್ತಿತ್ತು. ವರ್ಷಗಳಲ್ಲಿ ಅಲ್ಲಿಯ ಬಣ್ಣ ಸವೆದು ರೂಪಾಯಿಯಗಲ ಮರ ಕಾಣಿಸಿಕೊಂಡಿತು. ಆ ನಾಲ್ವರಲ್ಲಿ ಇಬ್ಬರು ಈಗಿಲ್ಲ. ನನ್ನ ಹೊರತು ಉಳಿದವನು ಚೆನ್ನಯ, ಮತ್ತು ಅವನು ಆ ಆಸನದ ಮೇಲೆ ಒಮ್ಮೆಯೂ ಕೂತವನಲ್ಲ. ಒಂದು ಸಾಲನ್ನೂ ಬರೆದವನಲ್ಲ. ವಿಠ್ಠಲವಾಡಿ ಸ್ಟೇಷನ್ನಿನ ಎದುರು ಹೋಟೆಲು ಇಟ್ಟಿರುವ ಅವನು ಸ್ಟೀಲಿನ ಡಬ್ಬಿಯಲ್ಲಿ ಗೋಳಿಬಜೆ ತಂದು, ಚಾಪೆಯ ಬಾಗಿಲ ಬದಿಯ ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದ. ‘ಕೂತುಕೋ ಮಾರಾಯ’ ಎಂದರೆ, ‘ಅದು ಓದುವವರ ಜಾಗ ರಾಯರೇ. ನಾನು ಕೇಳುವವ. ಕೇಳುವವರೂ ಬೇಕಲ್ಲವಾ?’ ಎನ್ನುತ್ತಿದ್ದ.

ಈ ವರ್ಷ ನಮ್ಮ ಕಟ್ಟಡವನ್ನು ಕೆಡವಿ ಮತ್ತೆ ಕಟ್ಟುವುದು ನಿಶ್ಚಯವಾಯಿತು. ಮೂರು ವರ್ಷ ನಾವು ಕಲ್ಯಾಣದಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆಯಲ್ಲಿರಬೇಕು. ಆ ಮನೆಯನ್ನು ನೋಡಿ ಬಂದ ದಿನ ಭಾಗೀರಥಿ ಆಸನದ ಮುಂದೆ ನಿಂತು, ‘ಇದನ್ನ ಯಾರಿಗಾದ್ರೂ ಒಳ್ಳೆಯವರಿಗೆ ಕೊಟ್ಬಿಡೋಣ ಕಣ್ರೀ’ ಎಂದಳು. ಕೊಡಲು ನನಗೆ ಮನಸ್ಸಿರಲಿಲ್ಲ, ಇಟ್ಟುಕೊಳ್ಳಲು ಜಾಗವಿರಲಿಲ್ಲ. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಒಬ್ಬ ಮನುಷ್ಯ ಪೀಠೋಪಕರಣಕ್ಕಾಗಿ ಹಟ ಹಿಡಿಯುವುದು ಶೋಭಿಸುವುದೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಶೋಭಿಸುವುದಿಲ್ಲ ಎಂಬ ಉತ್ತರ ಬಂತು. ಆದರೂ ರಾತ್ರಿ ಊಟವಾದ ಮೇಲೆ ಐದು ನಿಮಿಷ ಹೆಚ್ಚು ಕೂರತೊಡಗಿದೆ.

ಚೆನ್ನಯನ ಮೊಮ್ಮಗಳು ರಮಿತಾ ನವಿ ಮುಂಬಯಿಯಲ್ಲಿ ಮನೆಗಳ ಒಳಾಂಗಣ ವಿನ್ಯಾಸ ಮಾಡುವವಳು. ಒಂದು ಸಂಜೆ ಅಜ್ಜನ ಜೊತೆ ಬಂದು, ಚಪ್ಪಲಿ ಬಿಡುವ ಮೊದಲೇ ಆಸನವನ್ನು ಕಂಡು ಹೊಸ್ತಿಲಲ್ಲೇ ನಿಂತಳು.

‘ರಾಮಜ್ಜ, ಯೇ ತೋ ಖಜಾನಾ ಹೈ! ಇತನೇ ಸಾಲ್ ಛುಪಾಕೇ ರಖಾ?’ ಇಂಥ ನಿಧಿಯನ್ನು ಇಷ್ಟು ವರ್ಷ ಬಚ್ಚಿಟ್ಟಿರೆಂದು ನನ್ನ ಮೇಲೆ ಆರೋಪ.

‘ಛುಪಾಯಿಸಿಲ್ಲಮ್ಮ, ಹಜಾರದಲ್ಲೇ ಇದೆ’ ಎಂದಳು ಭಾಗೀರಥಿ.

ರಮಿತಾ ಮಂಡಿಯೂರಿ, ಬಿರುಕು ಬಿಟ್ಟ ಬಣ್ಣದ ಮೇಲೆ ಬೆರಳಾಡಿಸಿದಳು. ಈಗಿನ ಬಿಳಿ ಗೋಡೆಯ ಖಾಲಿ ಖಾಲಿ ಮನೆಗಳಲ್ಲಿ ಇಂಥದೊಂದು ಹಳೆಯ ವಸ್ತುವನ್ನು ಒಂಟಿಯಾಗಿ ಇಟ್ಟರೆ ಇಡೀ ಕೋಣೆ ಉಸಿರಾಡುತ್ತದೆ ಎಂದು ಹಿಂದಿ, ಮರಾಠಿ, ಇಂಗ್ಲಿಷ್ ಬೆರೆಸಿ ವಿವರಿಸಿದಳು. ಈ ಸವೆತವೇ ಇದರ ಬೆಲೆ, ಇಂಥ ಸವೆತವನ್ನು ಜನ ಕೃತಕವಾಗಿ ಮಾಡಿಸುತ್ತಾರೆ ಎಂದಳು. ಬೆಂಗಳೂರಿನಿಂದ ಬಂದು ಖಾರ್ಘರ್‌ನಲ್ಲಿ ಮನೆ ಮಾಡಿದ ದಂಪತಿ, ಹೃಷಿಕೇಶ್ ಮತ್ತು ಸಂಯುಕ್ತಾ, ಅವಳ ಗಿರಾಕಿಗಳು. ಆಗಲೇ ಫೋಟೋ ಕಳಿಸಿದಳು. ನಾವು ಕಾಫಿ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು: ಮುಂದಿನ ಭಾನುವಾರ ಹನ್ನೊಂದು ಗಂಟೆಗೆ ನೋಡಲು ಬರುತ್ತೇವೆ.

ಚೆನ್ನಯನಿಗೆ ಮೊಮ್ಮಗಳ ಮಾತು ಎಷ್ಟು ಅರ್ಥವಾಯಿತೋ ಕಾಣೆ. ಗೋಳಿಬಜೆಯ ಡಬ್ಬಿ ಮುಚ್ಚುತ್ತ, ‘ಒಳ್ಳೆ ಮನೆ ಸಿಕ್ಕಿತಲ್ಲ ರಾಯರೇ. ಇನ್ನೆಂಥ ಬೇಕು?’ ಎಂದ. ನಾನು ಹೌದೆಂದೆ.

ಆ ವಾರ ನನ್ನ ಬಲಗಣ್ಣಿನ ಪೊರೆ ತೆಗೆಸುವುದು ಮೊದಲೇ ಗೊತ್ತಾಗಿತ್ತು. ಗುರುವಾರ ನಾನೂ ಭಾಗೀರಥಿಯೂ ಠಾಣೆಗೆ ಹೋಗಿ, ಆಸ್ಪತ್ರೆಯ ಹತ್ತಿರವೇ ಇರುವ ಅವಳ ತಂಗಿಯ ಮನೆಯಲ್ಲಿ ಉಳಿದುಕೊಂಡೆವು. ಇನ್ನೊಂದು ಬೀಗದಕೈ ಚೆನ್ನಯನ ಬಳಿ ಇತ್ತು. ತುಳಸಿಗೆ ನೀರು ಹಾಕಿ ಎಂದು ಹೇಳಿದ್ದ ಭಾಗೀರಥಿ ಇನ್ನೊಂದು ಮಾತನ್ನೂ ಸೇರಿಸಿದ್ದಳು: ‘ಭಾನುವಾರ ಅವ್ರು ಬರೋ ಹೊತ್ತಿಗೆ ಆ ಬೆಂಚು ನೋಡೋ ಹಾಗಿರಲಿ ಚೆನ್ನಯ.’

ಶುಕ್ರವಾರ ಕಣ್ಣಿನ ಪಟ್ಟಿ ಬಿಚ್ಚಿದಾಗ ಜಗತ್ತು ತೊಳೆದಿಟ್ಟ ಹಾಗಿತ್ತು. ಎಲ್ಲಕ್ಕಿಂತ ನೀಲಿ. ನರ್ಸಿನ ಪೆನ್ನಿನ ಮುಚ್ಚಳ, ನೀರಿನ ಬಾಟಲಿ, ಕಿಟಕಿಯಾಚೆ ಯಾರೋ ಒಣಗಹಾಕಿದ ಶಾಲೆಯ ಅಂಗಿ, ಎಲ್ಲ ಅಷ್ಟು ನೀಲಿಯಾಗಿದ್ದವೆಂಬುದೇ ನನಗೆ ಮರೆತುಹೋಗಿತ್ತು. ಪೊರೆ ಹಳದಿಯಂತೆ, ನಿಧಾನವಾಗಿ ಬೆಳೆಯುವುದರಿಂದ ನಾವು ಕಳೆದುಕೊಂಡದ್ದು ನಮಗೆ ತಿಳಿಯುವುದಿಲ್ಲ ಎಂದು ವೈದ್ಯೆ ಹೇಳಿದರು. ನಾನು ಮಗುವಿನಂತೆ ಅದನ್ನೂ ಇದನ್ನೂ ತೋರಿಸಿ ಹೆಂಡತಿಯನ್ನು ಗೋಳುಹೊಯ್ದುಕೊಂಡೆ.

ಭಾನುವಾರ ಬೆಳಗ್ಗೆ ಮೊದಲ ಲೋಕಲ್‌ಗಳ ನೂಕುನುಗ್ಗಲು ಕಡಿಮೆಯಾದ ಮೇಲೆ ಡೊಂಬಿವಲಿಗೆ ಮರಳಿದೆವು. ಬಾಗಿಲು ತೆಗೆದು ಕಪ್ಪು ಕನ್ನಡಕ ಬಿಚ್ಚಿದೆ. ಗೋಡೆಯ ಬದಿಯಲ್ಲಿ ನಮ್ಮ ಆಸನ ನಿಂತಿತ್ತು, ನೀಲಿಯಾಗಿ.

‘ಭಾಗೀರಥಿ, ನೋಡು. ಇದು ಇಷ್ಟು ನೀಲಿ ಇತ್ತು. ನಾವು ಇಷ್ಟು ದಿನ ಬೂದು ಅಂದುಕೊಂಡಿದ್ದೆವು.’

ಭಾಗೀರಥಿ ಎರಡು ಸಲ ಸೀನಿದಳು. ಆಮೇಲೆ, ‘ನಂಗೆ ಆಪರೇಷನ್ ಆಗಿಲ್ವಲ್ಲ ಕಣ್ರೀ, ನಂಗೂ ನೀಲೀನೇ ಕಾಣ್ತಿದೆ’ ಎಂದಳು.

ಟರ್ಪೆಂಟೈನಿನ ವಾಸನೆ ಆಗ ನನ್ನ ಮೂಗಿಗೂ ತಟ್ಟಿತು. ಹತ್ತಿರ ಹೋದೆ. ಕಾಲಿನ ಗೀರುಗಳಲ್ಲಿ, ಕೈಯೊರಗುಗಳ ಬಾಗಿನಲ್ಲಿ, ಎಲ್ಲೆಲ್ಲೂ ಹೊಸ ಎಣ್ಣೆಬಣ್ಣ ಹೊಳೆಯುತ್ತಿತ್ತು. ಮಾಲೆಯನ್ನು ಬಿಳಿಯಲ್ಲಿ ತೀಡಲಾಗಿತ್ತು. ಮೂಲೆಯ ದುಂಡು ಹೂಗಳಿಗೆ ಗುಲಾಬಿ ಬಣ್ಣ. ಕೈಯೊರಗಿನ ತುದಿಯಲ್ಲಿ ನನ್ನ ಹೆಬ್ಬೆರಳು ತನ್ನ ಜಾಗವನ್ನು ಹುಡುಕಿತು. ಅಲ್ಲಿ ನುಣುಪು ಮಾತ್ರ ಇತ್ತು.

ಅಡುಗೆಮನೆಯ ಬಾಲ್ಕನಿಯಿಂದ ಚೆನ್ನಯ ಬಂದ. ಬನಿಯನ್ನಿನ ಮೇಲೆ, ಹುಬ್ಬಿನ ಮೇಲೆ ನೀಲಿ ಚುಕ್ಕೆಗಳು. ಎಪ್ಪತ್ತೆಂಟರ ಮುಖದಲ್ಲಿ ಪರೀಕ್ಷೆ ಬರೆದು ಬಂದವನ ನಗು.

‘ಹೇಗುಂಟು ರಾಯರೇ? ಮೂರು ದಿನ ಹೋಟೆಲಿಗೇ ಹೋಗಲಿಲ್ಲ. ಆಯುಧಪೂಜೆಗೆ ವರ್ಷವೂ ಹೋಟೆಲಿನ ಕುರ್ಚಿ ಟೇಬಲಿಗೆಲ್ಲ ನಾನೇ ಬಣ್ಣ ಹೊಡೆಯುವುದಲ್ಲವಾ? ಅಷ್ಟೆಲ್ಲ ಕುರ್ಚಿಗೆ ಹೊಡೆದವ ಇದೊಂದನ್ನು ಹರಕು ಮೈಯಲ್ಲಿ ಕಳಿಸಲಿಕ್ಕುಂಟಾ? ಆ ಕೈಯ ತುದಿಯಲ್ಲಿ ಪೂರಾ ಬೋಳಾಗಿತ್ತು. ಅದಕ್ಕೆ ಎರಡು ಕೋಟು ಜಾಸ್ತಿ ಕೊಟ್ಟೆ.’

ನಲವತ್ತು ವರ್ಷ ಮೂವರ, ಅವರಲ್ಲಿ ಇಬ್ಬರು ಸತ್ತವರ, ಹೆಬ್ಬೆರಳುಗಳು ತಿದ್ದಿದ ಒಂದು ಬಿಲ್ಲೆ ಮರದ ಮೇಲೆ ಅವನು ಪ್ರೀತಿಯಿಂದ ಎರಡು ಕೋಟು ಜಾಸ್ತಿ ಕೊಟ್ಟಿದ್ದ. ಬೈಯಬೇಕೆಂದು ಬಾಯಿ ತೆರೆದೆ. ‘ಚೆನ್ನಾಗಿದೆ ಚೆನ್ನಯ’ ಎಂಬುದು ಹೊರಬಂತು.

‘ಬಣ್ಣ ಅಂದಾಜಿಗೆ ಹಾಕಿದ್ದಲ್ಲ, ಹೌದಾ’ ಎಂದ ಅವನು, ನನ್ನ ಮುಖ ನೋಡಿ. ಹೋಟೆಲು ಹಿಡಿಯುವ ಮೊದಲು ಅವನು ಹನ್ನೆರಡು ವರ್ಷ ಅಂಬರನಾಥದ ಒಂದು ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದವನು. ಕಣ್ಣಳತೆಯಲ್ಲೇ ಬಣ್ಣಕ್ಕೆ ಬಣ್ಣ ಕೂಡಿಸುವುದು ಅಲ್ಲಿ ಅವನ ಕೆಲಸ. ಧೂಳು ಹೊಡೆಯಲು ಆಸನವನ್ನು ಮಗುಚಿ ಹಾಕಿದಾಗ, ಕೂರುವ ಪಟ್ಟಿಯ ಬಟ್ಟೆ ಒಳಗೆ ಮಡಚಿಕೊಂಡಲ್ಲಿ, ಬಿಸಿಲಾಗಲಿ ಕೈಯಾಗಲಿ ಎಂದೂ ತಾಗದ ಎರಡು ಬೆರಳಗಲದ ಜಾಗ ಅವನಿಗೆ ಕಂಡಿತ್ತಂತೆ. ಅಲ್ಲಿ ಬಣ್ಣ ಬೂದಿಯಲ್ಲ, ಬೆಳಗಿನ ನೀಲಿ. ಮೂಲೆಯ ಹೂವೊಂದರ ಸಂದಿಯಲ್ಲಿ ಗುಲಾಬಿಯ ಒಂದು ಚೂರು. ‘ಅದನ್ನೇ ನೋಡಿ ಬೆರೆಸಿದ್ದು. ಆರು ಸಲ ಬೆರೆಸಿ ಚೆಲ್ಲಿದೆ. ಏಳನೇ ಸಲ ಕೂತಿತು.’

ಅವನು ನನ್ನನ್ನು ಬಗ್ಗಿಸಿ ಆ ಜಾಗ ತೋರಿಸಿದ. ಹೊಸ ಕಣ್ಣಿನಿಂದ ಎಷ್ಟು ಹುಡುಕಿದರೂ ಹಳೆಯದು ಎಲ್ಲಿ ಮುಗಿದು ಅವನದು ಎಲ್ಲಿ ಮೊದಲಾಗುತ್ತದೆಂದು ನನಗೆ ಗುರುತಿಸಲಾಗಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಬಾಗಿಲ ಗಂಟೆ ಬಾರಿಸಿತು. ಮುಂದೆ ರಮಿತಾ, ಹಿಂದೆ ಹೃಷಿಕೇಶ್ ಮತ್ತು ಸಂಯುಕ್ತಾ, ಕೈಯಲ್ಲಿ ನಮಗಾಗಿ ತಂದ ಸಿಹಿಯ ಪೊಟ್ಟಣ. ರಮಿತಾ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು.

‘ಅಜ್ಜಾ! ಹೇ ಕಾಯ್ ಕೇಲಂತ್? ಏನು ಮಾಡಿಬಿಟ್ರಿ ಇದು?’

‘ದಾದ ಮಗಾ?’ ಏನಾಯಿತೆಂದು ತುಳುವಿನಲ್ಲಿ ಕೇಳಿದ ಚೆನ್ನಯ, ಇನ್ನೂ ನಗುತ್ತ. ‘ಬಣ್ಣ ಹೊಡೆದೆ.’

‘ಬಣ್ಣ ಹೊಡೆದೆ! ನೂರು ವರ್ಷದ ಹಳೇ ಫಿನಿಶ್ ಥಾ ಅಜ್ಜಾ! ಎಲ್ಲಾ ಹೋಯ್ತು! ಅಬ್ ಯೇ ಐಸ್‌ಕ್ರೀಮ್ ಪಾರ್ಲರ್ ಕಾ ಸೋಫಾ ಲಗ್ ರಹಾ ಹೈ!’

ಚೆನ್ನಯನ ನಗು ಅಲ್ಲಿಗೆ ನಿಂತಿತು. ಬನಿಯನ್ನಿಗೆ ಕೈ ಒರೆಸಿಕೊಂಡ; ಆಗಲೇ ಒಣಗಿದ್ದ ಕೈ.

ಹೃಷಿಕೇಶ್ ಸಭ್ಯ ಹುಡುಗ. ಆಸನದ ಸುತ್ತ ಒಂದು ಸುತ್ತು ಬಂದು, ‘ಕೆಲಸ ತುಂಬ ನೀಟಾಗಿದೆ ಅಂಕಲ್, ಇಲ್ಲ ಅನ್ನಲ್ಲ. ಆದ್ರೆ ಆಕ್ಚುಲಿ ನಮಗೆ ಹಳೇದೇ ಬೇಕಿತ್ತು’ ಎಂದ.

ಚೆನ್ನಯ ಜಗಳವಾಡುವ ದನಿಯಲ್ಲಲ್ಲ, ಲೆಕ್ಕ ತಪ್ಪಿದವನಿಗೆ ತಿಳಿಹೇಳುವ ದನಿಯಲ್ಲಿ ಹೇಳಿದ:

‘ಇದೇ ಹಳೇದು ಮಾರಾಯ್ರೆ. ನೀವು ಕೇಳ್ತಾ ಇರುವುದು ಇದರ ನಂತರದ್ದು.’

ಸಂಯುಕ್ತಾ ಮೊದಲು ನಕ್ಕಳು. ‘ಕರೆಕ್ಟಲ್ವೇನೋ ಹೃಷಿ?’ ಎಂದಳು ಗಂಡನಿಗೆ. ‘ಹೊಸದಾಗಿದ್ದಾಗ ಇದು ಹಿಂಗೇ ಇದ್ದಿದ್ದು.’

‘ಇರಬಹುದು. ನಮ್ಮ ಗೋಡೆ ಎಲ್ಲಾ ಗ್ರೇ, ಸಂಯು.’

ರಮಿತಾ ಅಷ್ಟರಲ್ಲಿ ತನ್ನ ಕಸುಬಿಗೆ ಮರಳಿದ್ದಳು. ಫೋನಿನಲ್ಲಿ ಹಳೆಯ ಫೋಟೋ ತೆಗೆದು, ಆಸನದೊಡನೆ ಹೋಲಿಸಿ, ಉಪಾಯ ಹೇಳಿದಳು. ಅವಳ ಬಡಗಿಗೆ ಕೊಟ್ಟರೆ ಒಂದು ವಾರದಲ್ಲಿ ಮರಳುಕಾಗದ ಹೊಡೆದು, ಅಂಚುಗಳನ್ನು ಸವೆಸಿ, ಮೇಣ ಹಚ್ಚಿ, ಚಹಾದ ನೀರಿನಲ್ಲಿ ಮಂಕು ಮಾಡಿ, ಫೋಟೋದಲ್ಲಿದ್ದ ಹಾಗೆ ತರುತ್ತಾನೆ. ಕೈಯೊರಗಿನ ತುದಿಯಲ್ಲಿ ಮರ ಕಾಣುತ್ತಿತ್ತಲ್ಲ, ಅದನ್ನೂ. ‘ಡಿಟ್ಟೋ ವೈಸಾ ಹೀ. ಯಾರಿಗೂ ಗೊತ್ತಾಗಲ್ಲ.’

‘ಹಾಗಾದ್ರೆ ನಮಗೆ ಓಕೆ’ ಎಂದ ಹೃಷಿಕೇಶ್. ಎಲ್ಲರೂ ನನ್ನತ್ತ ತಿರುಗಿದರು.

ಚೆನ್ನಯನೊಬ್ಬ ತಿರುಗಲಿಲ್ಲ. ‘ಮಾಡು ಮಗಾ, ಮಾಡು. ನನಗೆ ಗೊತ್ತಾಗಲಿಲ್ಲ’ ಎನ್ನುತ್ತ ಬಾಲ್ಕನಿಗೆ ಹೋಗಿ, ಬ್ರಷ್ಷುಗಳನ್ನು ಡಬ್ಬಿಗೆ ತುಂಬತೊಡಗಿದ. ಒಂದೊಂದೂ ಡಬ್ಬಿಗೆ ಬೀಳುವ ಸದ್ದು ಹಜಾರಕ್ಕೆ ಕೇಳುತ್ತಿತ್ತು.

ಆ ಹೆಬ್ಬೆರಳಿನ ಗುರುತು ನನಗೆ ಮತ್ತೆ ಬೇಕಾಗಿತ್ತು. ಅದನ್ನು ಬಡಗಿ ಮಾಡಿಕೊಡುತ್ತಾನೆಂದು ಕೇಳಿದ ಕ್ಷಣದಲ್ಲೇ ಬೇಡವಾಯಿತು. ನಾವು ನಾಲ್ವರು ಬಲ್ಲೆವೆಂದು ಹೆಮ್ಮೆಪಡುತ್ತಿದ್ದ ಒಂದೇ ವಿದ್ಯೆಯೆಂದರೆ ನಿಜವಾದ ಸಾಲನ್ನೂ ನಿಜದಂತೆ ನಟಿಸುವ ಸಾಲನ್ನೂ ಬೇರ್ಪಡಿಸುವುದು.

‘ಕ್ಷಮಿಸಿ. ನಾನು ಇದನ್ನು ಕೊಡುವುದಿಲ್ಲ’ ಎಂದೆ.

‘ರಾಮಜ್ಜ!’

‘ಬಣ್ಣ ಸರಿಯಾಗಿದೆ ರಮಿತಾ. ಇದಕ್ಕೆ ಮರಳುಕಾಗದ ತಾಗಿಸಬೇಡ.’

ಭಾಗೀರಥಿ ಸಿಹಿಯ ಪೊಟ್ಟಣವನ್ನು ಮೇಜಿನ ಮೇಲೆ ತುಸು ಜೋರಾಗಿಯೇ ಇಟ್ಟಳು. ‘ಕೊಡೋಲ್ಲ ಅಂದ್ರೆ ಎಲ್ಲಿಡ್ತೀರಿ? ಕಲ್ಯಾಣದ ಮನೇಲಿ ಇದು ಬಂದ್ರೆ ನಾವಿಬ್ಬರೂ ನಿಂತ್ಕೊಂಡೇ ನಿದ್ದೆ ಮಾಡ್ಬೇಕು. ಅಥವಾ ನೀವು ಇದರ ಕೆಳಗೆ, ನಾನು ಮೇಲೆ.’

ಸಂಯುಕ್ತಾ ಮತ್ತೆ ನಕ್ಕಳು. ಬಾಲ್ಕನಿಯಲ್ಲಿ ಬ್ರಷ್ಷಿನ ಸದ್ದು ನಿಂತಿತ್ತು. ಡಬ್ಬಿ ಹಿಡಿದೇ ಚೆನ್ನಯ ಬಾಗಿಲಲ್ಲಿ ಕಾಣಿಸಿಕೊಂಡ.

‘ಹೋಟೆಲಿನ ಫ್ಯಾಮಿಲಿ ರೂಮು ಖಾಲಿ ಉಂಟು’ ಎಂದ. ‘ಈಗಿನವರು ಪರದೆ ಎಳಕೊಂಡು ದೋಸೆ ತಿನ್ನುವುದಿಲ್ಲ. ಯೋಗೀಶ ಅಲ್ಲಿ ಈರುಳ್ಳಿ ಮೂಟೆ ಇಡ್ತಾ ಇದ್ದಾನೆ.’

ಯೋಗೀಶ ಅವನ ಮಗ, ರಮಿತಾಳ ತಂದೆ. ರಮಿತಾ ಹಣೆ ಚಚ್ಚಿಕೊಂಡಳು. ‘ಪಪ್ಪಾ ಕೋ ಬೋಲ್ ಬೋಲ್ ಕೇ ಸಾಕಾಯ್ತು, ಆ ರೂಮನ್ನ ಸರಿ ಮಾಡಿ ಅಂತ.’ ಆಮೇಲೆ ಆಸನವನ್ನು ಮತ್ತೊಮ್ಮೆ, ಈ ಸಲ ನಿಧಾನವಾಗಿ ನೋಡಿದಳು. ಅಜ್ಜನ ಹುಬ್ಬಿನ ಮೇಲಿದ್ದ ನೀಲಿ ಚುಕ್ಕೆಯನ್ನು ಉಗುರಿನಿಂದ ಕೆರೆದು ತೆಗೆದಳು. ‘ಮ್ಯಾಚಿಂಗ್ ತೋ ಗಜಬ್ ಕೀ ಹೈ, ಅಜ್ಜಾ. ಒಪ್ಪಲೇಬೇಕು.’

ಹೃಷಿಕೇಶನಿಗೂ ಸಂಯುಕ್ತಾಳಿಗೂ ಊಟ ಮಾಡಿಸಿಯೇ ಕಳಿಸಿದೆವು. ಖಾರ್ಘರ್‌ನ ಆ ಬೂದು ಗೋಡೆಗೆ ಮತ್ತೇನನ್ನು ಒರಗಿಸಿದರೋ ತಿಳಿಯದು. ಸಂಯುಕ್ತಾ ಈಗಲೂ ಒಮ್ಮೊಮ್ಮೆ ಫೋನು ಮಾಡಿ ಆಸನದ ಕ್ಷೇಮ ವಿಚಾರಿಸುತ್ತಾಳೆ.

ದಸರೆಯ ಹಿಂದಿನ ದಿನ ಟೆಂಪೋ ಬಂತು. ಮೆಟ್ಟಿಲಿನ ತಿರುವಿನಲ್ಲಿ ಎಂಬತ್ತಮೂರರಲ್ಲಿ ಸಿಕ್ಕಿಕೊಂಡ ಹಾಗೆಯೇ ಸಿಕ್ಕಿಕೊಂಡು, ಅಂದು ಓರೆ ಮಾಡಿದಂತೆಯೇ ಓರೆ ಮಾಡಿದ ಮೇಲೆ ಇಳಿಯಿತು. ನಾನೂ ಭಾಗೀರಥಿಯೂ ಲೋಕಲ್ ಹಿಡಿದು ಕಲ್ಯಾಣ ದಾಟಿ ವಿಠ್ಠಲವಾಡಿಗೆ ಹೋದೆವು. ನಾವು ಮುಟ್ಟಿದಾಗ ಆಸನ ಆಗಲೇ ಫ್ಯಾಮಿಲಿ ರೂಮಿನಲ್ಲಿತ್ತು. ಪರದೆ ತೆಗೆದಿದ್ದರು. ಈರುಳ್ಳಿಯ ವಾಸನೆ ಮಾತ್ರ ಉಳಿದಿತ್ತು. ಆಯುಧಪೂಜೆಯೆಂದು ಯೋಗೀಶ ಆಸನದ ಮೇಲೂ ಒಂದು ಚೆಂಡುಹೂವಿನ ಮಾಲೆ ಹಾಕಿದ್ದ. ಕೆತ್ತಿದ ಮಾಲೆಯ ಮೇಲೆ ಕಟ್ಟಿದ ಮಾಲೆ. ನಮ್ಮ ಹಳೆಯ ಗುಂಪು ಕಂಡಿದ್ದರೆ ಎದ್ದು ಹೋಗುತ್ತಿತ್ತು.

ಮುಂದಿನ ಭಾನುವಾರದಿಂದ ಓದು ಅಲ್ಲಿಯೇ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ ಹೋಟೆಲು ಖಾಲಿ. ಮೊದಲ ದಿನ ಭಾಗೀರಥಿ, ನಾನು, ‘ಸಿರ್ಫ್ ಸುನೂಂಗಿ’, ಕೇಳುವುದಷ್ಟೇ, ಎಂದು ಒಪ್ಪಿ ಬಂದ ರಮಿತಾ. ನಾನು ಆಸನದತ್ತ ಹೋಗದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ.

‘ಇವತ್ತು ನೀನು ಓದು ಚೆನ್ನಯ.’

‘ನಾನು ಎಂಥ ಓದುವುದು? ಮೆನು ಕಾರ್ಡಾ?’

‘ಏನಾದರೂ.’

‘ಓದಿ ಚೆನ್ನಯ’ ಎಂದಳು ಭಾಗೀರಥಿ. ‘ನಲವತ್ತು ವರ್ಷ ಇವರದ್ದೆಲ್ಲ ಕೇಳಿದೀರಿ. ಸೇಡು ತೀರಿಸ್ಕೊಳ್ಳಿ.’

ಅವನು ಗಲ್ಲಾದ ಕಡೆ ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ಬಂದು ಆಸನದ ತುದಿಯಲ್ಲಿ, ರೈಲಿನಲ್ಲಿ ನಾಲ್ಕನೆಯವನು ಕೂರುವ ಹಾಗೆ, ಅರ್ಧ ಮಾತ್ರ ಕೂತ. ಅಂಗಿಯ ಜೇಬು ತಡಕಿ, ಮಡಚಿದ ಒಂದು ಬಿಲ್ಲಿನ ಚೀಟಿ ತೆಗೆದ. ಅದರ ಹಿಂಬದಿಯಲ್ಲಿ ಪೆನ್ಸಿಲಿನ ಅಕ್ಷರಗಳು.

‘ಇದೊಂದೇ ಉಂಟು ನಾನು ಬರೆದದ್ದು. ಬಣ್ಣ ಬೆರೆಸಿದ ಲೆಕ್ಕ. ಮುಂದೆ ಯಾರಿಗಾದರೂ ಬೇಕಾದರೆ ಅಂತ.’

‘ಅದನ್ನೇ ಓದು.’

ಅವನು ಕನ್ನಡಕ ಏರಿಸಿಕೊಂಡು ಕೆಮ್ಮಿದ. ನಂತರ ಒಂದೊಂದು ಸಾಲಿಗೂ ನಿಂತು, ನಾವು ಓದುತ್ತಿದ್ದಾಗ ಎಲ್ಲೆಲ್ಲಿ ನಿಲ್ಲುತ್ತಿದ್ದೆವೋ ಹಾಗೆಯೇ ನಿಂತು, ಓದಿದ:

‘ಬಿಳಿ ಆರು.
ನೀಲಿ ಒಂದು.
ಕಪ್ಪು, ಬೆರಳ ತುದಿಯಲ್ಲಿ ಹಿಡಿದಷ್ಟು.
ಹಳದಿ ಬೇಡ. ಹಳದಿ ಬಿಸಿಲು ಹಾಕಿದ್ದು.
ಒದ್ದೆ ಇರುವಾಗ ತಪ್ಪು ಕಾಣುತ್ತದೆ.
ಒಣಗುವವರೆಗೆ ಕಾಯಬೇಕು.’

ಹೊರಗೆ ಅಂಬರನಾಥದ ಕಡೆಗೆ ಒಂದು ಲೋಕಲ್ ಹೋಯಿತು. ಗಾಜಿನ ಲೋಟಗಳು ಸಣ್ಣಗೆ ನಡುಗಿದವು.

‘ಇನ್ನೊಮ್ಮೆ’ ಎಂದೆ.

ಚೆನ್ನಯ ನನ್ನನ್ನು ಅನುಮಾನದಿಂದ ನೋಡಿದ, ತಮಾಷೆಯಲ್ಲವೆಂದು ಖಾತ್ರಿ ಮಾಡಿಕೊಂಡ. ಸ್ವಲ್ಪ ಹಿಂದಕ್ಕೆ ಸರಿದು, ಈ ಸಲ ಪೂರ್ತಿ ಕೂತು, ಬೆನ್ನನ್ನು ಮಾಲೆಗೆ ಕೊಟ್ಟು, ಮೊದಲಿನಿಂದ ಓದತೊಡಗಿದ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅವನ ಬಲಗೈ ಹೆಬ್ಬೆರಳು ಕೈಯೊರಗಿನ ತುದಿಯಲ್ಲಿ, ತಾನೇ ಎರಡು ಕೋಟು ಜಾಸ್ತಿ ಕೊಟ್ಟ ಆ ಜಾಗವನ್ನು ಮೆಲ್ಲನೆ ಉಜ್ಜುತ್ತಿತ್ತು.